ಸತ್ತ ಮೇಲಿನ ಮಾತು

ಕಳೆದ ಮಳೆಗಾಲದ ಒಂದು ಭಾನುವಾರ ರಾತ್ರಿ. ನಾವು ಐದು ಜನ ವ್ಯಾಲರಂಟ್ ಆಡುತ್ತಿದ್ದೆವು, ಐದೈದು ಜನರ ಎರಡು ತಂಡ ಗನ್ನು ಹಿಡಿದು ಎದುರಾಗುವ ಕಂಪ್ಯೂಟರ್ ಆಟ. ಸ್ಕೋರ್ 11-12. ಎದುರಿನವರು ಇನ್ನೊಂದು ರೌಂಡ್ ಗೆದ್ದರೆ 13 ಆಗಿ ಆಟ ಮುಗಿಯುತ್ತದೆ. ನಾವು ಗೆದ್ದರೆ ಓವರ್‌ಟೈಮ್. ಮ್ಯಾಪ್ ಅಸೆಂಟ್. ಬಾಂಬ್ ಇಡುವ ಜಾಗಕ್ಕೆ ಸೈಟ್ ಅನ್ನುತ್ತಾರೆ, ಬಾಂಬಿಗೆ ಸ್ಪೈಕ್. ಎ ಸೈಟ್‌ಗೆ ನುಗ್ಗಿ ಸ್ಪೈಕ್ ಇಟ್ಟೆವು. ಇಡುವಷ್ಟರಲ್ಲಿ ನಮ್ಮಲ್ಲಿ ನಾಲ್ವರು ಸತ್ತಾಗಿತ್ತು. ಎಲ್ಲರಿಗಿಂತ ಮೊದಲು ಸತ್ತವನು ನಾನು. ಉಳಿದವಳು ನಮ್ಮ ಹುಬ್ಬಳ್ಳಿ ಹುಡುಗಿ ಒಬ್ಬಳೇ. ಎದುರಿಗೂ ಒಬ್ಬನೇ ಉಳಿದಿದ್ದ.

ಇಟ್ಟ ಸ್ಪೈಕ್ 45 ಸೆಕೆಂಡಿಗೆ ಸಿಡಿಯುತ್ತದೆ. ಅದನ್ನು ಡಿಫ್ಯೂಸ್ ಮಾಡಲು, ಅಂದರೆ ಸಿಡಿಯದ ಹಾಗೆ ತೆಗೆಯಲು, 7 ಸೆಕೆಂಡು ಬೇಕು. ಅಂದರೆ ಅವನು ಬರಲೇಬೇಕು, ಅದೂ ಬೇಗ ಬರಬೇಕು. ಅವಳು ಸೈಟ್‌ಗೆ ಹೋಗುವ ದಾರಿಯಾದ ಎ ಮೇನ್‌ನಲ್ಲಿ ಗೋಡೆಗೆ ಒತ್ತಿಕೊಂಡು ಕೂತು ಕಿವಿಗೊಟ್ಟಿದ್ದರೆ ಸಾಕಿತ್ತು. ಕೂತೂ ಇದ್ದಳು. ನಾನು ಮಾತಾಡುತ್ತಿದ್ದೆ. ಹೆವೆನ್ ಅಂದರೆ ಸೈಟ್ ಮೇಲಿನ ಎತ್ತರದ ಜಾಗ. "ಹೆವೆನ್ ನೋಡು, ಹೆವೆನ್. ನನ್ನನ್ನು ಅಲ್ಲಿಂದಲೇ ಹೊಡೆದದ್ದು. ಮೇಲೆ ನೋಡು, ಮೇಲೆ." ಅವಳು ಮೇಲೆ ನೋಡಿದಳು. ಅವನು ಹಿಂದಿನಿಂದ ಬಂದ. ತಲೆಗೆ ಒಂದು ಗುಂಡು. ಆಟ ಮುಗಿಯಿತು.

"ಹಿಂದೆ ನೋಡಬೇಕಿತ್ತಲ್ವಾ?" ಅಂದೆ ನಾನು.

ಅವಳು ಎದುರು ಹೇಳಲಿಲ್ಲ. "ನಾಳೆ ಆಫೀಸ್ ಐತ್ರಿ ಅಣ್ಣಾ, ಬರ್ತೀನಿ" ಅಂತ ಹೇಳಿ ಹೋದಳು. ಅವಳು ನನ್ನ ದೊಡ್ಡಪ್ಪನ ಮಗನ ಜೊತೆ ಕೆಲಸ ಮಾಡುವವಳು, ಐರೋಲಿಯಲ್ಲಿ ಪಿಜಿಯಲ್ಲಿ ಇರುತ್ತಾಳೆ. ನಮ್ಮ ಐವರಲ್ಲಿ ಆಟ ಎಲ್ಲರಿಗಿಂತ ಚೆನ್ನಾಗಿ ಓದುವವಳು ಅವಳೇ.

ನಾನು ನಮ್ಮ ಆಟಗಳನ್ನೆಲ್ಲ ಒಬಿಎಸ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ರೆಕಾರ್ಡ್ ಮಾಡುತ್ತೇನೆ. ಆಟದ ಸದ್ದು ಒಂದು ಟ್ರ್ಯಾಕ್, ನಮ್ಮ ಮಾತು ಇನ್ನೊಂದು ಟ್ರ್ಯಾಕ್. ಮಾರನೇ ದಿನ ಮುಂಬಯಿ ಪಕ್ಕದ ಠಾಣೆ ಊರಿನಲ್ಲಿ ಕೆಲಸ ಮುಗಿಸಿ ಡೊಂಬಿವಲಿಗೆ ಬಂದು, ಊಟ ಮಾಡಿ, ಆ ಕೊನೆಯ ರೌಂಡ್ ಹಾಕಿದೆ. ಸತ್ತ ಮೇಲೆ ಬದುಕಿದ್ದವರ ಸ್ಕ್ರೀನೇ ನಮಗೂ ಕಾಣುತ್ತದೆ, ಅವರಿಗೆ ಕೇಳುವುದೇ ನಮಗೂ ಕೇಳುತ್ತದೆ. ಹಾಗಾಗಿ ಅವಳ ಕಿವಿಗೆ ಏನು ಬಿದ್ದಿತ್ತು ಅನ್ನುವುದು ನನ್ನ ರೆಕಾರ್ಡಿಂಗ್‌ನಲ್ಲೇ ಇತ್ತು. ಮೊದಲ ಸಲ ಎಲ್ಲ ಸೇರಿಸಿ ಕೇಳಿದೆ. ನನ್ನ ದನಿ ಬಿಟ್ಟರೆ ಬೇರೇನೂ ಇಲ್ಲ. ಎರಡನೇ ಸಲ ನಮ್ಮ ಮಾತಿನ ಟ್ರ್ಯಾಕ್ ಮುಚ್ಚಿದೆ.

ಸ್ಪೈಕ್‌ನ ಬೀಪ್. ಮತ್ತೆ ಬೀಪ್. ಆಮೇಲೆ ಎಡ ಕಿವಿಯಲ್ಲಿ, ಸ್ವಲ್ಪ ಹಿಂದೆ, ಟಕ್ ಟಕ್ ಟಕ್. ಮೂರು ಹೆಜ್ಜೆ. ಸ್ಪಷ್ಟವಾಗಿ. ಓಡಿ ಬಂದವನು ಮೂರು ಹೆಜ್ಜೆ ಆದಮೇಲೆ ಶಿಫ್ಟ್ ಒತ್ತಿ ನಡೆದಿದ್ದಾನೆ, ಆಮೇಲೆ ಸದ್ದಿಲ್ಲ. ಆ ಮೂರು ಹೆಜ್ಜೆಯ ಮೇಲೆ ಸರಿಯಾಗಿ ನನ್ನ "ಮೇಲೆ ನೋಡು, ಮೇಲೆ" ಬಿದ್ದಿದೆ.

ಅದನ್ನು ನಾನು ಎಷ್ಟು ಸಲ ಕೇಳಿದೆನೋ ಗೊತ್ತಿಲ್ಲ. ನನ್ನನ್ನು ಹೆವೆನ್‌ನಿಂದ ಹೊಡೆದದ್ದು ನಿಜ. ಆದರೆ ನಾನು ಕೂಗುತ್ತಿದ್ದ ಹೊತ್ತಿಗೆ ಆ ಸುದ್ದಿಗೆ ಅರ್ಧ ನಿಮಿಷ ವಯಸ್ಸಾಗಿತ್ತು. ಅವನು ಹೆವೆನ್ ಇಳಿದು, ಸುತ್ತು ಹಾಕಿ, ನಮ್ಮ ಬೆನ್ನಿಗೆ ಬಂದಿದ್ದ. ಹಳೇ ಸುದ್ದಿಯನ್ನು ಗಟ್ಟಿಯಾಗಿ ಹೇಳುತ್ತಾ ಹೊಸ ಸುದ್ದಿ ಅವಳ ಕಿವಿಗೆ ಬೀಳದ ಹಾಗೆ ಮಾಡಿದವನು ನಾನು.

ನನಗಿಂತ ಚಿಕ್ಕವರು ತುಂಬಾ ಜನ ಕೇಳುತ್ತಾರೆ, ಈ ತರಹದ ಆಟದಲ್ಲಿ ರ‍್ಯಾಂಕ್ ಯಾಕೆ ಏರುತ್ತಿಲ್ಲ, ಎಲ್ಲಿ ತಪ್ಪುತ್ತಿದ್ದೇವೆ ಅಂತ. ಎಲ್ಲರ ಮನಸ್ಸಲ್ಲೂ ಇರುವುದು ಏಮ್, ಅಂದರೆ ಗುರಿ. ಮೌಸ್ ಯಾವುದು ತಗೊಳ್ಳಲಿ, ಸೆನ್ಸಿಟಿವಿಟಿ ಎಷ್ಟಿಡಲಿ. ನಾನೂ ವರ್ಷಗಟ್ಟಲೆ ಅದೇ ಅಂದುಕೊಂಡಿದ್ದೆ. ಆ ರೆಕಾರ್ಡಿಂಗ್ ಕೇಳಿದ ಮೇಲೆ ನಮ್ಮ ಹಳೇ ಸೋಲುಗಳನ್ನೆಲ್ಲ ತೆಗೆದು ಕೂತೆ. ಗುರಿ ತಪ್ಪಿ ಸೋತ ರೌಂಡ್‌ಗಳು ಇದ್ದವು, ಇಲ್ಲ ಅನ್ನುವುದಿಲ್ಲ. ಆದರೆ ಮತ್ತೆ ಮತ್ತೆ ಕಂಡದ್ದು ಬೇರೆ: ಬಾಯಿಂದ ಆದ ಸೋಲು, ಕಿವಿಯಿಂದ ಆದ ಸೋಲು.

ಈ ಚಾಳಿ ನನಗೆ ಎಲ್ಲಿಂದ ಬಂತು ಅಂತ ಯೋಚಿಸಿದರೆ ಡೊಂಬಿವಲಿ ಸ್ಟೇಷನ್ ಹತ್ತಿರದ ಒಂದು ಸೈಬರ್ ಕೆಫೆ ನೆನಪಾಗುತ್ತದೆ. ಕಾಲೇಜಿನ ದಿನಗಳು. ಮೊದಲನೇ ಮಹಡಿಯಲ್ಲಿ ಒಂದು ಕೋಣೆ, ಹತ್ತು ಕಂಪ್ಯೂಟರ್, ಒಂದು ಎಸಿ, ಬಾಗಿಲ ಹೊರಗೆ ಚಪ್ಪಲಿ ರಾಶಿ. ಆಡುತ್ತಿದ್ದದ್ದು ಕೌಂಟರ್-ಸ್ಟ್ರೈಕ್ 1.6, ಮ್ಯಾಪ್ ಯಾವಾಗಲೂ ಡಸ್ಟ್ 2. ಈ ಆಟ 1999ರಲ್ಲಿ ಹಾಫ್-ಲೈಫ್ ಅನ್ನುವ ಇನ್ನೊಂದು ಆಟದ ಮೇಲೆ ಹವ್ಯಾಸಿಗಳು ಕಟ್ಟಿದ ಮಾಡ್ ಆಗಿ ಹುಟ್ಟಿದ್ದು. ಇವತ್ತಿನ ವ್ಯಾಲರಂಟ್‌ನ ಎಲುಬು ಅದೇ. ಎರಡು ತಂಡ, ಐದೈದು ಜನ, ಬಾಂಬ್ ಇಡುವುದು, ತೆಗೆಯುವುದು, ಒಂದು ರೌಂಡ್‌ಗೆ ಒಂದೇ ಜೀವ.

ಆ ಕೆಫೆಯಲ್ಲಿ ಸತ್ತವರು ಕುರ್ಚಿ ಬಿಟ್ಟು ಎದ್ದು ಬದುಕಿದ್ದವನ ಬೆನ್ನ ಹಿಂದೆ ನಿಲ್ಲುತ್ತಿದ್ದರು. ಹೆಡ್‌ಫೋನ್ ಅರ್ಧ ಇರಲಿಲ್ಲ, ಇದ್ದದ್ದು ಅರ್ಧ ಕೆಟ್ಟಿತ್ತು. ಹೆಜ್ಜೆ ಸದ್ದು ಯಾರಿಗೂ ಕೇಳುತ್ತಿರಲಿಲ್ಲ. ಹಾಗಾಗಿ ಕೂಗಿದರೆ ನಷ್ಟ ಇರಲಿಲ್ಲ. ಕೂಗುವುದೇ ಒಂದು ಮಜಾ. "ಅರೆ ಪೀಛೆ, ಪೀಛೆ!" ಅಂತ ನಾಲ್ಕು ಜನ ಒಟ್ಟಿಗೆ. ಗೆದ್ದರೆ ಬೆನ್ನಿಗೆ ಗುದ್ದು, ಸೋತರೆ ಬೈಗುಳ. ಮನೆಯಲ್ಲಿ ಒಳ್ಳೆ ಹೆಡ್‌ಸೆಟ್ ಬಂತು, ಸ್ವಂತ ಪಿಸಿ ಬಂತು, 2020ರಲ್ಲಿ ವ್ಯಾಲರಂಟ್ ಬಂತು, ಮುಂಬಯಿಯಲ್ಲೇ ಸರ್ವರ್ ಬಂತು. ನನ್ನ ಅಭ್ಯಾಸ ಮಾತ್ರ ಆ ಕುರ್ಚಿ ಹಿಂದೆಯೇ ನಿಂತಿತ್ತು.

ಸರಿಯಾಗಿ ಹೇಳುವುದು ಹೇಗೆ ಅನ್ನುವುದನ್ನು ನಾನು ಕಲಿತದ್ದು ಯಾವುದೇ ವೀಡಿಯೊ ನೋಡಿ ಅಲ್ಲ. ನನ್ನ ದೊಡ್ಡಪ್ಪ ಮಾಟುಂಗದ ಒಂದು ಉಡುಪಿ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದವರು. ಕುಂದಾಪುರದಿಂದ ಹದಿನಾಲ್ಕನೇ ವಯಸ್ಸಿಗೆ ಬಂದು, ಲೋಟ ತೊಳೆಯುವುದರಿಂದ ಶುರು ಮಾಡಿ, ಕೊನೆಗೆ ಗಲ್ಲಾದಲ್ಲಿ ಕೂತವರು. ಚಿಕ್ಕವನಿದ್ದಾಗ ರಜೆಯಲ್ಲಿ ಅಪ್ಪ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದರು. ಅಡುಗೆಮನೆ ಬಾಗಿಲ ಪಕ್ಕದ ಟೇಬಲ್ ನಮಗೆ. ಭಾನುವಾರ ಬೆಳಗ್ಗೆ ಒಂಬತ್ತು ಗಂಟೆಗೆ ಅಲ್ಲಿ ಎಷ್ಟು ಗದ್ದಲ ಅಂದರೆ ಎದುರಿಗೆ ಕೂತವರ ಮಾತೂ ಕೇಳುವುದಿಲ್ಲ. ಆದರೆ ದೊಡ್ಡಪ್ಪ ಬಾಗಿಲಿಗೆ ಬಂದು ಹೇಳಿದ್ದು ಕಾವಲಿ ಮುಂದಿನ ಭಟ್ಟರಿಗೆ ಕೇಳುತ್ತಿತ್ತು. "ಎರಡು ಮಸಾಲೆ, ಒಂದು ಸಾದಾ, ಆರು." ಅಷ್ಟೇ. ಆರು ಅಂದರೆ ಆರನೇ ಟೇಬಲ್. ಹೇಳಿ ತಿರುಗಿ ಹೋಗುತ್ತಿದ್ದರು. ಎರಡನೇ ಸಲ ಹೇಳಿದ್ದನ್ನು ನಾನು ನೋಡಿಲ್ಲ.

ಆರನೇ ಟೇಬಲಿನವರು ಕಾದು ಕಾದು ಸಿಟ್ಟಾಗಿರುತ್ತಿದ್ದರು. ಕೆಲವೊಮ್ಮೆ ದೊಡ್ಡಪ್ಪನಿಗೇ ಬೈಯುತ್ತಿದ್ದರು. ಅದು ಒಳಗೆ ಹೋಗುತ್ತಿರಲಿಲ್ಲ. ಮೊನ್ನೆ ಊರಿಗೆ ಫೋನ್ ಮಾಡಿದಾಗ ಕೇಳಿದೆ, "ದೊಡ್ಡಪ್ಪ, ಗಿರಾಕಿ ಬೈದದ್ದನ್ನು ಭಟ್ಟರಿಗೆ ಯಾಕೆ ಹೇಳ್ತಿರಲಿಲ್ಲ?" ಅವರಿಗೆ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. "ಭಟ್ಟರ ಕೈಯಲ್ಲಿ ಹಿಟ್ಟು ಉಂಟಲ್ಲ ಮಾರಾಯ. ಅವರಿಗೆ ಬೈದ್ರೆ ದೋಸೆ ಬೇಗ ಬೇಯ್ತದಾ?"

ಈಗ ನಾನು ಸತ್ತರೆ ಹೇಳುವುದು ಮೂರೇ. ಎಷ್ಟು ಜನ, ಎಲ್ಲಿ, ಎಷ್ಟು ಹೊಡೆದಿದ್ದೇನೆ. "ಒಬ್ಬ, ಹೆವೆನ್, 84." ಆಮೇಲೆ ಮೈಕಿನ ಗುಂಡಿಯಿಂದ ಬೆರಳು ತೆಗೆಯುತ್ತೇನೆ. ಬದುಕಿದ್ದವರು ಕೇಳಿದರೆ ಮಾತ್ರ ಮತ್ತೆ ಮಾತು.

ಆ 84 ಬಗ್ಗೆ ಸ್ವಲ್ಪ ಹೇಳಬೇಕು. ವ್ಯಾಲರಂಟ್‌ನಲ್ಲಿ ಜೀವ 100, ದೊಡ್ಡ ಶೀಲ್ಡ್, ಅಂದರೆ ಕವಚ, ಹಾಕಿದ್ದರೆ ಅದರ ಮೇಲೆ 50. ಒಟ್ಟು 150. ಸತ್ತ ಕೂಡಲೇ ನೀವು ಯಾರಿಗೆ ಎಷ್ಟು ಹೊಡೆದಿರಿ ಅನ್ನುವುದು ಸ್ಕ್ರೀನಿನ ಬದಿಯಲ್ಲೇ ಬರುತ್ತದೆ. ಅದನ್ನು ಓದಿ ಹೇಳಿದರೆ ಸಾಕು. ಜನ ಓದುವುದಿಲ್ಲ. "ಅವನು ಲೋ ಇದ್ದಾನೆ, ಒಂದೇ ಏಟು, ಹೋಗು ಹೋಗು" ಅನ್ನುತ್ತಾರೆ. ಹೊಡೆದದ್ದು ನೋಡಿದರೆ 22. ಅದನ್ನು ನಂಬಿ ಜೊತೆಗಾರ ಮರೆ ಬಿಟ್ಟು ನುಗ್ಗುತ್ತಾನೆ, ಎದುರಿಗೆ ಹೆಚ್ಚುಕಡಿಮೆ ಪೂರ್ತಿ ಜೀವ ಇರುವವನು ನಿಂತಿರುತ್ತಾನೆ. ಬೇಕೆಂದು ಯಾರೂ ಸುಳ್ಳು ಹೇಳುವುದಿಲ್ಲ. ನಾನು ಸತ್ತದ್ದು ಸುಮ್ನೆ ಹೋಗಲಿಲ್ಲ ಅಂತ ತೋರಿಸಿಕೊಳ್ಳುವ ಆಸೆ ಅದು. ನನಗೂ ಇತ್ತು. ಆದರೆ ಆ ಆಸೆಗೆ ಬೆಲೆ ಕೊಡುವವನು ಇನ್ನೊಬ್ಬ.

ಇನ್ನು ಜಾಗದ ಹೆಸರು. ನಮ್ಮ ತಂಡದಲ್ಲಿ ಕನ್ನಡ, ಮರಾಠಿ, ಹಿಂದಿ ಮೂರೂ ನಡೆಯುತ್ತದೆ. ಠಾಣೆಯ ಮರಾಠಿ ಹುಡುಗ ಒಬ್ಬನಿದ್ದಾನೆ, ಗಾಬರಿಯಾದರೆ "ಮಾಗೆ, ಮಾಗೆ" ಅನ್ನುತ್ತಿದ್ದ. ಅಪರಿಚಿತರು "ಪೀಛೆ" ಅನ್ನುತ್ತಾರೆ. ನಾನು "ಹಿಂದೆ" ಅನ್ನುತ್ತಿದ್ದೆ. ಮೂರೂ ಭಾಷೆಯಲ್ಲಿ ಒಂದೇ ತಪ್ಪು. ಯಾರ ಹಿಂದೆ? ಐದು ಜನ ಐದು ಕಡೆ ಮುಖ ಮಾಡಿ ನಿಂತಿರುತ್ತಾರೆ. ಎಲ್ಲರೂ ಒಮ್ಮೆಲೇ ಹಿಂದೆ ತಿರುಗಿದರೆ ಮುಂದಿನವನು ಬಂದು ಐವರನ್ನೂ ಹೊಡೆದು ಹೋಗುತ್ತಾನೆ. "ಇಲ್ಲಿದ್ದಾನೆ", "ಇಧರ್ ಹೈ" ಇವೂ ಅಷ್ಟೇ. ಮ್ಯಾಪಿನ ಪ್ರತಿ ಮೂಲೆಗೂ ಹೆಸರಿದೆ. ಮೇನ್, ಮಾರ್ಕೆಟ್, ಹೆವೆನ್, ಗ್ಯಾರೇಜ್. ಸ್ಕ್ರೀನಿನ ಮೂಲೆಯ ಚಿಕ್ಕ ನಕ್ಷೆ, ಅಂದರೆ ಮಿನಿಮ್ಯಾಪ್ ಮೇಲೆ ಹೆಸರು ತೋರಿಸುವ ಸೆಟ್ಟಿಂಗ್ ಕೂಡ ಇದೆ. ಹೊಸ ಮ್ಯಾಪ್ ಬಂದಾಗ ಅರ್ಧ ಗಂಟೆ ಖಾಲಿ ಮ್ಯಾಪಿನಲ್ಲಿ ಸುಮ್ನೆ ನಡೆದು ಹೆಸರು ಕಲಿಯುವುದು ನನ್ನ ಪ್ರಕಾರ ಹತ್ತು ಗಂಟೆ ಏಮ್ ಅಭ್ಯಾಸಕ್ಕಿಂತ ಮೇಲು.

ಏಮ್ ಬಗ್ಗೆ ಏನೂ ಹೇಳದೆ ಬಿಟ್ಟರೆ ಅನ್ಯಾಯವಾಗುತ್ತದೆ. ಅದರಲ್ಲಿ ಎರಡು ತಪ್ಪು ನೂರಕ್ಕೆ ತೊಂಬತ್ತು ಜನ ಮಾಡುವುದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಒಂದು, ನಡೆಯುವಾಗ ಗುರಿಚುಕ್ಕೆ ನೆಲದ ಮೇಲೆ ಇರುತ್ತದೆ. ಎದುರಿನವನು ಕಂಡ ಮೇಲೆ ಅದನ್ನು ತಲೆಗೆ ಎತ್ತಬೇಕು. ಅಷ್ಟರಲ್ಲಿ ಅವನು ಹೊಡೆದಾಗಿರುತ್ತದೆ. ವ್ಯಾಂಡಲ್ ಗನ್ನಿನ ಒಂದು ಗುಂಡು ತಲೆಗೆ ಬಿದ್ದರೆ ಎಷ್ಟೇ ದೂರವಿರಲಿ ಆಟ ಮುಗಿಯಿತು, ಪೂರ್ತಿ ಶೀಲ್ಡ್ ಇದ್ದವನ ಮೈಗೆ ಬಿದ್ದರೆ 4 ಬೇಕು. ಹಾಗಾಗಿ ಗೋಡೆಯಂಚಿನಲ್ಲಿ ಒಂದು ತಲೆ ಇದೆ ಅಂತಲೇ ತಿಳಿದು ಆ ಎತ್ತರಕ್ಕೆ ಚುಕ್ಕೆ ಇಟ್ಟು ನಡೆಯಬೇಕು. ಎರಡು, ಓಡುತ್ತಲೇ ಗುಂಡು ಹಾರಿಸುವುದು. ಬೇರೆ ಕೆಲವು ಆಟಗಳಲ್ಲಿ ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ. ನಿಂತು ಹೊಡೆಯಬೇಕು. ಎಡಕ್ಕೆ ಹೋಗುತ್ತಿದ್ದರೆ ಬಲಗಡೆಯ ಕೀ ಒಮ್ಮೆ ಒತ್ತಿ ನಿಲ್ಲಿಸಿ ಹೊಡೆಯುವುದು ಕೈಗೆ ಹತ್ತಬೇಕು. ಸೆನ್ಸಿಟಿವಿಟಿ? ಒಂದು ಇಟ್ಟುಕೊಳ್ಳಿ, ಮೂರು ತಿಂಗಳು ಮುಟ್ಟಬೇಡಿ. ಇದರ ಬಗ್ಗೆ ಇದಕ್ಕಿಂತ ಜಾಸ್ತಿ ಹೇಳುವುದು ನನ್ನ ಹತ್ತಿರ ಇಲ್ಲ.

ಒಬ್ಬರೇ ಹೋಗಿ ಸಾಯುವುದು ಇನ್ನೊಂದು ರೋಗ. ನಾವು ಒಬ್ಬನನ್ನು ಹೊಡೆದೆವು, ಈಗ ಐವರ ಎದುರು ನಾಲ್ವರು. ಸುಮ್ಮನೆ ಜಾಗ ಕಾದರೆ ರೌಂಡ್ ನಮ್ಮದಾಗುವ ಸಾಧ್ಯತೆಯೇ ಹೆಚ್ಚು. ಹೊಡೆದವನಿಗೆ ಮೈಯಲ್ಲಿ ರಕ್ತ ಕುದಿಯುತ್ತಿರುತ್ತದೆ, ಅದೇ ಮೂಲೆಯಿಂದ ಮತ್ತೆ ಇಣುಕುತ್ತಾನೆ. ಎದುರಿನವರಿಗೆ ಅವನು ಎಲ್ಲಿದ್ದಾನೆ ಅಂತ ಗೊತ್ತಾಗಿದೆ, ಗನ್ನು ಆ ಕಡೆಗೇ ಇದೆ. ನಾಲ್ಕು ನಾಲ್ಕು. ಗಳಿಸಿದ್ದು ಹೋಯಿತು. ನನ್ನ ದೊಡ್ಡಪ್ಪನ ಮಗ ಇದನ್ನು ಎಷ್ಟು ಸಲ ಮಾಡಿದ್ದಾನೆ ಅಂದರೆ ಈಗ ಅವನು ಒಬ್ಬನನ್ನು ಹೊಡೆದ ಕೂಡಲೇ ಹುಬ್ಬಳ್ಳಿ ಹುಡುಗಿ "ಸಾಕು, ಹಿಂದಕ್ಕ ಬಾ" ಅನ್ನುತ್ತಾಳೆ. ಅವನು ಬರುತ್ತಾನೆ.

ನುಗ್ಗಲೇಬೇಕಾದರೆ ಇಬ್ಬರು ಸೇರಿ ನುಗ್ಗಬೇಕು, ಒಬ್ಬರ ಹಿಂದೆ ಒಬ್ಬರು. ಮುಂದಿನವನು ಸತ್ತರೆ, ಹೊಡೆದವನು ಗನ್ನು ತಿರುಗಿಸುವ ಮೊದಲೇ ಹಿಂದಿನವನು ಅವನನ್ನು ತೆಗೆಯಬೇಕು. ಇದಕ್ಕೆ ಟ್ರೇಡ್ ಅನ್ನುತ್ತಾರೆ. ಮುಂದೆ ಹೋದವನು ಸತ್ತು ನಾಲ್ಕು ಸೆಕೆಂಡು ಆದಮೇಲೆ ಎರಡನೆಯವನು ಬಂದರೆ ಅದು ಟ್ರೇಡ್ ಆಗುವುದಿಲ್ಲ, ಇನ್ನೊಂದು ಸಾವು ಅಷ್ಟೇ.

ದುಡ್ಡಿನ ವಿಷಯ ಬಂದರೆ ನಾನು ಸ್ವಲ್ಪ ಜಾಸ್ತಿಯೇ ಮಾತಾಡುತ್ತೇನೆ, ಹಗಲು ಮಾಡುವುದು ಅಕೌಂಟ್ಸ್ ಕೆಲಸವೇ. ವ್ಯಾಲರಂಟ್‌ನಲ್ಲಿ ಮೊದಲ ರೌಂಡ್‌ಗೆ ಎಲ್ಲರಿಗೂ 800 ಕ್ರೆಡಿಟ್. ಸೋತರೆ ಮುಂದಿನ ರೌಂಡ್‌ಗೆ 1900 ಸಿಗುತ್ತದೆ, ಸತತ ಎರಡನೇ ಸೋಲಿಗೆ 2400, ಮೂರನೆಯದಕ್ಕೆ 2900. ವ್ಯಾಂಡಲ್ ಅಥವಾ ಫ್ಯಾಂಟಮ್ ಗನ್ನಿಗೆ 2900, ದೊಡ್ಡ ಶೀಲ್ಡ್‌ಗೆ 1000, ಒಟ್ಟು 3900. ಈಗ ಲೆಕ್ಕ ಹಾಕಿ. ಮೊದಲ ರೌಂಡ್ ಸೋತಿರಿ, 800 ಪೂರ್ತಿ ಖರ್ಚಾಗಿದೆ, ಕೈಯಲ್ಲಿ 1900. ಎರಡನೇ ರೌಂಡ್‌ನಲ್ಲಿ ಕೈ ಕಟ್ಟಿ ಕೂತರೆ, ಅದನ್ನೂ ಸೋತರೂ, 4300 ಆಗುತ್ತದೆ. ಮೂರನೇ ರೌಂಡ್‌ಗೆ ಐದೂ ಜನಕ್ಕೆ ಒಳ್ಳೇ ಗನ್ನು, ಶೀಲ್ಡ್, ಮೇಲೆ 400 ಪಾತ್ರದ ವಿಶೇಷ ಸಾಮರ್ಥ್ಯಗಳಿಗೆ. ತಡೆಯಲಾರದೆ ಒಬ್ಬ 1900ನ್ನೂ ಸುರಿದರೆ ಮೂರನೇ ರೌಂಡ್‌ಗೆ ಅವನ ಕೈಯಲ್ಲಿ 2400. ನಾಲ್ವರ ಹತ್ತಿರ ಒಳ್ಳೇ ಗನ್ನು, ಅವನಿಗೆ ಮಾತ್ರ ಅದು ಸಿಗುವುದಿಲ್ಲ.

ಎಲ್ಲರೂ ಸೇರಿ ಸುರಿದರೂ ಪರವಾಗಿಲ್ಲ, ಎಲ್ಲರೂ ಸೇರಿ ಉಳಿಸಿದರೂ ಪರವಾಗಿಲ್ಲ. ಒಬ್ಬೊಬ್ಬರು ಒಂದೊಂದು ಮಾಡಿದರೆ ಕಷ್ಟ. ರೌಂಡ್ ಶುರುವಾಗುವ ಮೊದಲು "ಈ ಸಲ ಉಳಿಸೋಣ" ಅಂತ ಒಬ್ಬರು ಬಾಯಿಬಿಟ್ಟು ಹೇಳಿದರೆ ಮುಗಿಯಿತು. ಅದನ್ನು ಹೇಳುವುದಿಲ್ಲ. ಹೇಳಬೇಕಾದಲ್ಲಿ ಮೌನ, ಸುಮ್ಮನಿರಬೇಕಾದಲ್ಲಿ ಗಲಾಟೆ.

ಕೌಂಟರ್-ಸ್ಟ್ರೈಕ್‌ನಿಂದ ಬಂದವರು ಮಾಡುವ ಒಂದು ತಪ್ಪಿದೆ. ಅಲ್ಲಿ ಬಾಂಬ್ ತೆಗೆಯಲು 10 ಸೆಕೆಂಡು, ಕಿಟ್ ಇದ್ದರೆ 5. ಮಧ್ಯೆ ಬಿಟ್ಟರೆ ಮೊದಲಿನಿಂದ. ವ್ಯಾಲರಂಟ್‌ನಲ್ಲಿ ಹಾಗಲ್ಲ. 7 ಸೆಕೆಂಡಿನಲ್ಲಿ ಅರ್ಧ, ಅಂದರೆ 3.5 ಸೆಕೆಂಡು ದಾಟಿದರೆ ಆ ಅರ್ಧ ಉಳಿಯುತ್ತದೆ. ಬಿಟ್ಟು ಓಡಿ, ಜಗಳ ಮುಗಿಸಿ ಬಂದು ಉಳಿದ ಅರ್ಧ ಮಾಡಬಹುದು. ನನ್ನ ದೊಡ್ಡಪ್ಪನ ಮಗ ಕೌಂಟರ್-ಸ್ಟ್ರೈಕ್ 2 ಆಡುವವನು. ಎದುರಿನವನು ಅರ್ಧ ಮುಗಿಸಿ ಎದ್ದು ಹೋದದ್ದನ್ನು ಕೇಳಿಯೂ "ಇನ್ನೂ ಟೈಮ್ ಉಂಟು" ಅಂತ ಆರಾಮಾಗಿ ಗನ್ನು ರೀಲೋಡ್ ಮಾಡುತ್ತಾ ಕೂತಿದ್ದ. ಇದ್ದದ್ದು ಮೂರೂವರೆ ಸೆಕೆಂಡು. ಕಿವಿಗೆ ಬಿದ್ದ ಸದ್ದಿನಲ್ಲಿ ಎಷ್ಟು ಹೊತ್ತು ಮುಟ್ಟಿದ ಅನ್ನುವುದನ್ನೂ ಎಣಿಸಬೇಕು.

ಈಗ ಬರೆಯಲು ಮನಸ್ಸಿಗೆ ಭಾರವಾಗುವ ಒಂದು ವಿಷಯ.

ವ್ಯಾಲರಂಟ್‌ನ ರ‍್ಯಾಂಕ್ಡ್ ಆಟಕ್ಕೆ, ಅಂದರೆ ಸೋಲು-ಗೆಲುವು ರ‍್ಯಾಂಕಿಗೆ ಸೇರುವ ಆಟಕ್ಕೆ, ನಾಲ್ಕು ಜನ ಸೇರಿ ಹೋಗಲು ಬಿಡುವುದಿಲ್ಲ. ಒಬ್ಬರು, ಇಬ್ಬರು, ಮೂವರು, ಇಲ್ಲವೇ ಐವರು. ವಾರದ ದಿನ ನಾವು ಮೂವರೇ ಇರುತ್ತೇವೆ, ಜೊತೆಗೆ ಇಬ್ಬರು ಅಪರಿಚಿತರು ಬರುತ್ತಾರೆ. ಹಿಂದಿನ ವರ್ಷ ಒಂದು ಬುಧವಾರ ಹೇವನ್ ಅನ್ನುವ ಮ್ಯಾಪ್ ಆಡುತ್ತಿದ್ದೆವು, ಆ ಹೆವೆನ್ ಬೇರೆ. ಮೂರು ಸೈಟ್ ಇರುವ ಮ್ಯಾಪ್, ಕಾಯುವ ಕಡೆಯವರಿಗೆ ಕಷ್ಟ, ಮಾಹಿತಿ ಇಲ್ಲದೆ ನಡೆಯುವುದೇ ಇಲ್ಲ. ಎರಡನೇ ರೌಂಡ್‌ನಲ್ಲಿ ಹುಬ್ಬಳ್ಳಿ ಹುಡುಗಿ "ಸಿ ಲಾಂಗ್, ಮೂರು" ಅಂದಳು. ಸರಿಯಾದ ಮಾತು, ಸರಿಯಾದ ಹೊತ್ತಿಗೆ. ಅದು ಹೆಣ್ಣಿನ ದನಿ ಅಂತ ತಿಳಿದದ್ದೇ ತಡ, ಅಪರಿಚಿತರಲ್ಲಿ ಒಬ್ಬ ಶುರು ಮಾಡಿದ. ಏನಂದ ಅಂತ ಬರೆಯುವುದಿಲ್ಲ. ಇನ್ನೊಬ್ಬ ನಕ್ಕ. ಅವಳು ಮೈಕ್ ಮುಚ್ಚಿದಳು. ಆಮೇಲೆ ಆಟ ಮುಗಿಯುವವರೆಗೆ ಮಿನಿಮ್ಯಾಪ್ ಮೇಲೆ ಗುರುತು ಒತ್ತುತ್ತಾ ಆಡಿದಳು. ಮಾತಿಲ್ಲ.

ನಾನು, ನನ್ನ ದೊಡ್ಡಪ್ಪನ ಮಗ ಇಬ್ಬರೂ ಕೇಳಿಸಿಕೊಂಡೆವು. ಸುಮ್ಮನೆ ಆಡಿದೆವು. ಜಗಳ ಯಾಕೆ, ರ‍್ಯಾಂಕ್ ಹೋಗುತ್ತದೆ ಅಂತ. ಸಿ ಸೈಟ್ ನಾಲ್ಕು ಸಲ ಕಳೆದುಕೊಂಡೆವು, ನಾಲ್ಕು ಸಲವೂ ಅಲ್ಲಿ ಕಾವಲಿದ್ದವಳು ಅವಳು. ಅವಳಿಗೆ ಎಲ್ಲ ಕೇಳಿತ್ತು, ಕಂಡಿತ್ತು. ಹೇಳುವ ದಾರಿಯನ್ನು ಮುಚ್ಚಿದವರು ನಮ್ಮದೇ ತಂಡದವರು. ಸತ್ತ ಮೇಲೂ ಹೆವೆನ್ ಹೆವೆನ್ ಅಂತ ಕೂಗುವ ನನ್ನ ಬಾಯಿ ಆ ದಿನ, ಮಾತಾಡಲೇಬೇಕಾದ ದಿನ, ಮುಚ್ಚಿತ್ತು. ಮರುದಿನ ಅವಳ ಹತ್ತಿರ ಕ್ಷಮೆ ಕೇಳಿದೆ. "ರೂಢಿ ಆಗೇತ್ರಿ" ಅಂದಳು. ಆ ಮಾತು ನನಗೆ ಬೈಗುಳಕ್ಕಿಂತ ಹೆಚ್ಚು ತಾಗಿತು.

ಈಗ ನಮ್ಮಲ್ಲಿ ಒಂದು ಕ್ರಮವಿದೆ. ಅಂಥ ಮಾತು ಬಂದ ಕೂಡಲೇ ನಾನು ಹಿಂದಿಯಲ್ಲಿ ಒಂದೇ ಸಲ ಹೇಳುತ್ತೇನೆ, ಹೀಗೆ ಮಾತಾಡಬೇಡ ಅಂತ. ವಾದ ಮಾಡುವುದಿಲ್ಲ. ಮುಂದುವರಿಸಿದರೆ ಮೂವರೂ ಅವನನ್ನು ಮ್ಯೂಟ್ ಮಾಡುತ್ತೇವೆ, ರಿಪೋರ್ಟ್ ಒತ್ತುತ್ತೇವೆ. ಅವನಿಂದ ಬರುವ ಮಾಹಿತಿ ಹೋದರೆ ಹೋಗಲಿ. ಅವಳ ಮೈಕ್ ತೆರೆದಿರಬೇಕು. ಇದನ್ನು ಸೌಜನ್ಯದ ವಿಷಯ ಅಂತ ಬದಿಗಿಡುವವರಿಗೆ ಹೇಳುತ್ತೇನೆ, ಇದು ಆಟದ ವಿಷಯವೂ ಹೌದು. ನಿಮ್ಮ ತಂಡದ ಒಬ್ಬರು ಹೆದರಿ ಮೈಕ್ ಮುಚ್ಚಿದರೆ ನೀವು ಐದು ಜನ ಇದ್ದೂ ನಾಲ್ಕೇ ಜನ ಆಡಿದ ಹಾಗೆ.

ಸೋತ ಮೇಲೆ ಹಠ ಹಿಡಿದು ಆಡುವುದರ ಬಗ್ಗೆ ಎಲ್ಲರಿಗೂ ಗೊತ್ತಿದೆ, ಆದರೂ ಎಲ್ಲರೂ ಮಾಡುತ್ತಾರೆ. ಆರೂವರೆಯ ಲೋಕಲ್‌ನಲ್ಲಿ ಒಂದು ಕಾಲ ಮೇಲೆ ನಿಂತು ಬಂದವನು ಸೀದಾ ರ‍್ಯಾಂಕ್ಡ್ ಒತ್ತಿದರೆ ಮೊದಲ ಸಿಟ್ಟು ಹೊರಬೀಳುವುದು ಜೊತೆಗಾರನ ಮೇಲೆ. ನಾನು ಸ್ನಾನ, ಊಟ ಆಗದೆ ಕೂರುವುದಿಲ್ಲ. ಸತತ ಎರಡು ಸೋತರೆ ಆ ರಾತ್ರಿಗೆ ಮುಚ್ಚುತ್ತೇನೆ. ಮಳೆಗಾಲದಲ್ಲಿ ಇನ್ನೂ ಒಂದು. ನಮ್ಮ ಕಡೆ ಇಂಟರ್ನೆಟ್ ತಂತಿ ಒಂದು ಬಿಲ್ಡಿಂಗ್‌ನಿಂದ ಇನ್ನೊಂದಕ್ಕೆ ತೂಗುತ್ತಿರುತ್ತದೆ. ಗುಡುಗು ಜೋರಾದ ರಾತ್ರಿ ರ‍್ಯಾಂಕ್ಡ್‌ಗೆ ಹೋಗಿ ಮಧ್ಯೆ ಲೈನ್ ಹೋದರೆ ಉಳಿದ ನಾಲ್ವರು ಐವರ ಎದುರು ಆಡಬೇಕು. ಅಂಥ ದಿನ ಹೋಗಬೇಡಿ. ಬಾಕಿ ದಿನ ಪಿಂಗ್ ಮೇಲೆ, ಅಂದರೆ ಸರ್ವರ್‌ಗೆ ಸಂದೇಶ ಹೋಗಿ ಬರುವ ಹೊತ್ತಿನ ಮೇಲೆ, ತಪ್ಪು ಹೊರಿಸುವ ಮೊದಲು ವೈಫೈ ಬಿಟ್ಟು ಕೇಬಲ್ ಹಾಕಿ ನೋಡಿ. ಮುಂಬಯಿ ಸರ್ವರ್ ನಮ್ಮ ಪಕ್ಕದಲ್ಲೇ ಇದೆ. ನನ್ನ ಮನೆಯಿಂದ ಪಿಂಗ್ ಹತ್ತು ಮಿಲಿಸೆಕೆಂಡಿನ ಒಳಗೇ ಬರುತ್ತದೆ. ಅಷ್ಟಿದ್ದೂ ಸತ್ತರೆ ಕಾರಣ ಹೆಚ್ಚಾಗಿ ಬೇರೆಯೇ ಇರುತ್ತದೆ.

ಆ 11-12ರ ರೌಂಡ್‌ನ ರೆಕಾರ್ಡಿಂಗನ್ನು ನಾನು ಅವಳಿಗೆ ಕಳಿಸಿದೆ. ಎರಡು ಫೈಲ್, ನನ್ನ ಮಾತು ಇರುವುದು, ಇಲ್ಲದ್ದು. ಬೇರೇನೂ ಬರೆಯಲಿಲ್ಲ. ರಾತ್ರಿ ಉತ್ತರ ಬಂತು. "ಮೂರು ಹೆಜ್ಜಿ ಅದಾವ್ರಿ."

ಮೊನ್ನೆ ಭಾನುವಾರ ಮತ್ತೆ ಅಸೆಂಟ್ ಬಂತು. ಈ ಸಲ ಬಿ ಸೈಟ್. ಸ್ಪೈಕ್ ಇಟ್ಟು ಐದಾರು ಸೆಕೆಂಡಿನಲ್ಲಿ ನಾನು ಸತ್ತೆ. "ಒಬ್ಬ, ಮಾರ್ಕೆಟ್, 84" ಅಂದೆ. ಬೆರಳು ತೆಗೆದೆ. ಮತ್ತೆ ಒಬ್ಬರ ಎದುರು ಒಬ್ಬರು, ಮತ್ತೆ ಅವಳೇ. ಹೆಡ್‌ಸೆಟ್‌ನಲ್ಲಿ ಐದು ಜನರ ಉಸಿರೂ ಇಲ್ಲ. ಕಿಟಕಿಯ ಹೊರಗೆ ಕಲ್ಯಾಣ ಕಡೆಗೆ ಹೋಗುವ ಲೋಕಲ್ ದಾಟಿದ್ದು ಕೇಳಿತು.

ಸ್ಪೈಕ್ ಮುಟ್ಟಿದ ಸದ್ದು ಬಂತು. ನನ್ನ ಕೈ ಗುಂಡಿಯ ಹತ್ತಿರ ಹೋಯಿತು, "ಮುಟ್ಟಿದ, ಮುಟ್ಟಿದ" ಅನ್ನಬೇಕು ಅಂತ ಬಾಯಿಗೆ ಬಂತು. ಒತ್ತಲಿಲ್ಲ. ಅವಳು ಅಲುಗಾಡಲಿಲ್ಲ. ಒಂದು ಸೆಕೆಂಡು ಆಗುವಷ್ಟರಲ್ಲಿ ಸದ್ದು ನಿಂತಿತು. ಅವಳು ಆಗಲೂ ಇಣುಕಲಿಲ್ಲ. ಬೀಪ್ ಬೇಗ ಬೇಗ ಆಗುತ್ತಿತ್ತು. ಮತ್ತೆ ಮುಟ್ಟಿದ ಸದ್ದು. ಈ ಸಲ ನಿಲ್ಲಲಿಲ್ಲ. ಅವಳು ಒಂದು ಹೆಜ್ಜೆ ಪಕ್ಕಕ್ಕೆ ಬಂದು, ನಿಂತು, ಹೊಡೆದಳು.

ಠಾಣೆಯ ಹುಡುಗ ಕೂಗಿದ, ದೊಡ್ಡಪ್ಪನ ಮಗ ಕೂಗಿದ. ಗಲಾಟೆ ಮುಗಿದ ಮೇಲೆ ನಾನು ಕೇಳಿದೆ, ಮೊದಲ ಸಲ ಮುಟ್ಟಿದ್ದು ಸುಳ್ಳು ಅಂತ ಹೇಗೆ ಗೊತ್ತಾಯಿತು ಅಂತ.

"ಮುಟ್ಟಿ ಬಿಟ್ಟ ಮ್ಯಾಲೆ ಒಂದು ಹೆಜ್ಜಿ ಸರಿದಾನ್ರಿ," ಅಂದಳು. "ಕೇಳಿಸ್ತ್ರಿ ಅಣ್ಣಾ."